ಮರಿಯಮಳ ಕೈ, ರಿತಿಕಾಳ ಕಾಲು

ಅಲ್ ಮವಾಲೇಹ್, ಮೊದಲ ಬೆಳಗು

ಒಮಾನಿನಲ್ಲಿ ನನಗೆ ಮೊದಲ ಸೋಲಾದದ್ದು ಒಂದು ಬಿಳಿ ಕಾರಿನ ಎದುರು. ಬಂದ ಮರುದಿನ ಬೆಳಿಗ್ಗೆ ತಮ್ಮ ಸದಾನಂದನ ಜೊತೆ ಹಾಲು ತರಲು ಹೊರಟಿದ್ದೆ. ರಸ್ತೆಯ ಅಂಚಿನಲ್ಲಿ ನಿಂತು, ಕಾರು ಹೋಗಲಿ ಎಂದು ನಾನು ಕಾದೆ. ನಾನು ಹೋಗಲಿ ಎಂದು ಕಾರು ಕಾಯಿತು. ನಾನು ಕೈಬೀಸಿ ‘ಹೋಗಿ, ಹೋಗಿ’ ಎಂದೆ. ಒಳಗಿದ್ದ ಕಸೂತಿ ಟೊಪ್ಪಿಯ ಹಿರಿಯರು ನನಗಿಂತ ದೊಡ್ಡದಾಗಿ ಕೈಬೀಸಿ ‘ನೀವೇ ಹೋಗಿ’ ಎಂದರು. ಕಾರ್ಕಳದ ಬಸ್ ಸ್ಟ್ಯಾಂಡಿನ ಎದುರು ಮೂವತ್ತು ವರ್ಷ ಬಸ್ಸುಗಳಿಂದ ಜೀವ ಉಳಿಸಿಕೊಂಡು ಓಡಾಡಿದವಳಿಗೆ ಇಂಥ ಮರ್ಯಾದೆಯನ್ನು ನಂಬುವುದು ಕಷ್ಟ. ಅವರ ಹಿಂದೆ ಇನ್ನೂ ಮೂರು ಕಾರು ಬಂದು ನಿಂತವು. ಒಂದರಿಂದಲೂ ಹಾರ್ನ್ ಇಲ್ಲ. ಕೊನೆಗೆ ಸದಾ ನನ್ನ ರಟ್ಟೆ ಹಿಡಿದು ಆಚೆ ದಾಟಿಸಿದ.

“ಅಕ್ಕ, ನೀನು ಇಲ್ಲಿ ಮೂರು ವಾರ ಹೀಗೇ ನಿಂತರೆ ಮಸ್ಕತ್‌ನ ಟ್ರಾಫಿಕ್ ಖಲಾಸ್,” ಎಂದ.

ನಾನು ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದವಳು. ಥ್ರೋಬಾಲ್, ಖೋಖೋ, ಕಬಡ್ಡಿ ಎಂದು ಹೆಣ್ಣುಮಕ್ಕಳ ತಂಡ ಕಟ್ಟಿಕೊಂಡು ಜಿಲ್ಲೆಯೆಲ್ಲ ತಿರುಗಿದ್ದೇನೆ. ಈ ವರ್ಷ ನಿವೃತ್ತಿಯಾಯಿತು. ಮನೆಯಲ್ಲಿ ಕೂತರೆ ಅಕ್ಕ ಅಕ್ಕಪಕ್ಕದವರಿಗೆಲ್ಲ ಡ್ರಿಲ್ ಮಾಡಿಸುತ್ತಾಳೆ ಎಂದು ಹೆದರಿ ಸದಾ ಟಿಕೆಟ್ ಕಳಿಸಿದ. ಅವನು ಇಲ್ಲಿ ಒಂದು ಕಂಪನಿಯ ಆಫೀಸಿನಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದಾನೆ. ಮಗಳು ರಿತಿಕಾ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ಈಗ ಅವಳಿಗೆ ಇಪ್ಪತ್ತೆರಡು. ಬೌಷರಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ. ನಮ್ಮ ತುಳು ಮನೆಗಳಲ್ಲಿ ಅಪ್ಪನ ಅಕ್ಕ ಮಾಮಿಯಾಗುತ್ತಾಳೆ. ನಾನು ತುಳುವಿನಲ್ಲಿ ಏನು ಕೇಳಿದರೂ ಅವಳು “ಫೈನ್, ಮಾಮಿ”, “ನಾಟ್ ನೌ, ಮಾಮಿ” ಎನ್ನುತ್ತಿದ್ದಳು. ಪಾಪ, ಮಗುವಿಗೆ ತುಳು ಅಷ್ಟಕ್ಕಷ್ಟೇ ಎಂದು ನಾನು ಅಂದುಕೊಂಡೆ. ನಾನು ಮಾಡಿದ ತಪ್ಪುಗಳಲ್ಲಿ ಇದು ಒಂದನೆಯದು.

“ಶುಕ್ರವಾರ ಬೆಳಿಗ್ಗೆ ಅವಳ ಮ್ಯಾಚ್ ಉಂಟು. ಫುಟ್‌ಬಾಲ್,” ಎಂದ ಸದಾ.

“ಗೋಲ್ ಹೊಡೆಯುತ್ತಾಳಾ?”

“ಇದು ಕಾಲಿನ ಫುಟ್‌ಬಾಲ್ ಅಲ್ಲ. ಕೈಯದ್ದು. ನೀನು ಬಾ, ಅಲ್ಲಿ ಜಯಣ್ಣ, ಲ್ಯಾನ್ಸಿ ಎಲ್ಲ ಹೇಳಿಕೊಡ್ತಾರೆ. ಆಡುವವರಿಗಿಂತ ಅವರಿಗೇ ಹೆಚ್ಚು ಗೊತ್ತಿರುವುದು.”

ಬೌಷರ್, ಶುಕ್ರವಾರ

ಮೈದಾನದ ಒಂದು ಬದಿಗೆ ಫ್ಲ್ಯಾಟುಗಳ ಸಾಲು, ಇನ್ನೊಂದು ಬದಿಗೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ. ನಮ್ಮ ಕಡೆ ಬೆಟ್ಟವೆಂದರೆ ಹಸಿರು ಹೊದ್ದುಕೊಂಡೇ ಇರಬೇಕು. ಇದು ನೋಡಿದರೆ ಸ್ನಾನಕ್ಕೆ ಹೊರಟ ಹಾಗೆ ಬರಿಮೈಯಲ್ಲಿ ನಿಂತಿತ್ತು. ಚಳಿಗಾಲವಾದ್ದರಿಂದ ಬಿಸಿಲು ಹದವಾಗಿತ್ತು. ಜುಮಾ ನಮಾಜಿಗೆ ಬಹಳ ಮೊದಲೇ ಆಟ ಮುಗಿಯಬೇಕು, ಹಾಗಾಗಿ ಎಲ್ಲರೂ ಬೇಗ ಬಂದಿದ್ದರು.

ಗೆರೆಯಾಚೆ ಎರಡು ಪ್ಲಾಸ್ಟಿಕ್ ಕುರ್ಚಿ. ಅವುಗಳಲ್ಲಿ ಇಬ್ಬರು ಹಿರಿಯರು. ಒಬ್ಬರು ಶಿರ್ವದ ಲ್ಯಾನ್ಸಿ, ಹಡಗಿನ ಕಂಪನಿಯೊಂದರ ಆಫೀಸಿನವರು, ಮನೆಮಾತು ಕೊಂಕಣಿ. ಇನ್ನೊಬ್ಬರು ನಮ್ಮ ಕಾರ್ಕಳದವರೇ ಆದ ಜಯಣ್ಣ. ಹಮ್ರಿಯಾದಲ್ಲಿ ಅವರದು ಹೊಲಿಗೆ ಅಂಗಡಿ. ತಂಡದಲ್ಲಿ ಇಬ್ಬರ ಮಕ್ಕಳೂ ಇಲ್ಲ, ನೆಂಟರೂ ಇಲ್ಲ. ಮೂರು ವರ್ಷದ ಹಿಂದೆ ತಾವು ಹೊಲಿದ ಜೆರ್ಸಿ ಹುಡುಗಿಯರಿಗೆ ಸರಿಯಾಗಿ ಕೂತಿದೆಯೋ ಎಂದು ನೋಡಲು ಜಯಣ್ಣ ಬಂದಿದ್ದರಂತೆ. ಲ್ಯಾನ್ಸಿ, ಸದಾನ ಕಾರಿನಲ್ಲಿ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಐದು ನಿಮಿಷ ಇಳಿದಿದ್ದರಂತೆ. ಅಂದಿನಿಂದ ಇಬ್ಬರೂ ಒಂದೂ ಶುಕ್ರವಾರ ತಪ್ಪಿಸಿಲ್ಲ.

ಆಟವನ್ನು ಲ್ಯಾನ್ಸಿ ಎರಡು ನಿಮಿಷದಲ್ಲಿ ಬಿಡಿಸಿ ಹೇಳಿದರು. ಚೆಂಡು ಸುಲಿದ ತೆಂಗಿನಕಾಯಿಯ ಹಾಗೆ ಉದ್ದ, ಎರಡೂ ತುದಿ ಚೂಪು. ಒಬ್ಬಳು ನಿಂತು ಎಸೆಯುತ್ತಾಳೆ. ಉಳಿದವರು ಮುಂದಕ್ಕೆ ಓಡಿ ಅದನ್ನು ಹಿಡಿಯಬೇಕು. ಹಿಡಿಯುವವರಿಗೆ ರಿಸೀವರ್ ಎಂದು ಹೆಸರು. ಸೊಂಟದಲ್ಲಿ ಎರಡು ರಿಬ್ಬನ್ ತೂಗುತ್ತಿರುತ್ತದೆ, ಎದುರಾಳಿ ಅದನ್ನು ಕಿತ್ತರೆ ಅಲ್ಲಿಗೆ ಓಟ ಮುಗಿಯಿತು. ಎದುರಿನ ತುದಿಯ ಪಟ್ಟಿಯೊಳಗೆ ಚೆಂಡು ಹಿಡಿದರೆ ಅಂಕ, ಹಿಡಿಯುವಾಗ ಕಾಲು ಗೆರೆಯಾಚೆ ಬಿದ್ದರೆ ಇಲ್ಲ. ನಮ್ಮ ನೀಲಿ ತಂಡದಲ್ಲಿ ಎಸೆಯುವವಳು ಗ್ರೇಸ್ ಎಂಬ ಫಿಲಿಪೈನ್ಸಿನ ನರ್ಸ್. ಅವಳೇ ಕ್ಯಾಪ್ಟನ್. ರಿಸೀವರ್‌ಗಳಲ್ಲಿ ಮುಖ್ಯರಾದವರು ಇಬ್ಬರು: ಮರಿಯಮ್ ಎಂಬ ಎತ್ತರದ ಒಮಾನಿ ಹುಡುಗಿ ಮತ್ತು ನಮ್ಮ ರಿತಿಕಾ.

“ನೋಡಿ ಟೀಚರ್, ಮರಿಯಮ್ ಅಂದರೆ ಕೈ,” ಎಂದರು ಲ್ಯಾನ್ಸಿ. “ಚೆಂಡು ಅವಳ ಹತ್ತಿರ ಹೋದರೆ ಸಾಕು, ಅಲ್ಲೇ ಕೂತುಕೊಳ್ತದೆ. ಅದಕ್ಕೆ ಟ್ಯಾಲೆಂಟ್ ಅಂತ ಹೇಳುವುದು. ದೇವರು ಕೊಟ್ಟದ್ದು.”

“ಓಡ್ಲಿಕ್ಕೆ ಆಗ್ಬೇಕಲ್ಲ ಮಾರಾಯ್ರೆ!” ಎಂದರು ಜಯಣ್ಣ. “ಅವಳು ಅಲ್ಲಿಗೆ ಮುಟ್ಟುವಾಗ ಚಾ ತಣ್ಣಗಾಗ್ತದೆ. ರಿತಿಕಾಳ ಕಾಲು ನೋಡಿ. ಗಾಳಿ ಅಲ್ವಾ ಅದು? ಕೈ ನಾಳೆ ಬರ್ತದೆ. ಅವಳಲ್ಲಿ ಪೊಟೆನ್ಶಿಯಲ್ ಉಂಟು.”

“ಮೂರು ವರ್ಷದಿಂದ ನಿಮ್ಮ ನಾಳೆ ಬರ್ತಾನೇ ಉಂಟು.”

“ಮಾವಿನ ಗಿಡ ನೆಟ್ಟರೆ ಮೂರು ವರ್ಷ ಕಾಯುವುದಿಲ್ವಾ?”

“ಅದು ಮಾವಿನ ಗಿಡ ಅಂತ ಮೊದಲು ಗೊತ್ತಾಗ್ಬೇಕಲ್ಲ!”

ಇವರು ಇಷ್ಟು ಗಂಭೀರವಾಗಿ ಜಗಳವಾಡುವಾಗ ಪಕ್ಕದ ಚಾಪೆಯಲ್ಲಿ ಕೂತಿದ್ದ ಮರಿಯಮಳ ತಾಯಿ ನನಗೊಂದು ಪುಟ್ಟ ಲೋಟದಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಟ್ಟರು, ಜೊತೆಗೆ ಖರ್ಜೂರ. ಕುಡಿದೆ. ಲೋಟ ಮತ್ತೆ ತುಂಬಿತು. ಅತಿಥಿ ಬೇಡವೆನ್ನಬಾರದೆಂದು ಅದನ್ನೂ ಕುಡಿದೆ. ಮತ್ತೆ ತುಂಬಿತು. ಏಳನೆಯ ಲೋಟದ ಹೊತ್ತಿಗೆ ಎದೆ ಡೋಲು ಬಡಿಯತೊಡಗಿತು. ಸಾಕಾದರೆ ಲೋಟವನ್ನು ಸ್ವಲ್ಪ ಅಲ್ಲಾಡಿಸಿ ವಾಪಸು ಕೊಡಬೇಕು ಎಂದು ಲ್ಯಾನ್ಸಿ ಆಗ ಹೇಳಿದರು. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದ ಹಾಗೆ. ಅಲ್ಲಾಡಿಸಲು ಪ್ರತ್ಯೇಕ ಪ್ರಯತ್ನವೇ ಬೇಕಾಗಲಿಲ್ಲ, ಕೈ ತಾನಾಗಿ ನಡುಗುತ್ತಿತ್ತು.

ಆ ಕಾಫಿಯ ಅಮಲಿನಲ್ಲೇ ಇರಬೇಕು, ಹಸಿರು ತಂಡದವಳೊಬ್ಬಳು ರಿತಿಕಾಳನ್ನು ಭುಜದಿಂದ ತಳ್ಳಿದಾಗ ನನ್ನ ಎರಡು ಬೆರಳು ಬಾಯಿಗೆ ಹೋಗಿ ಸೀಟಿ ಹೊರಟೇಬಿಟ್ಟಿತು. ಮೂವತ್ತು ವರ್ಷದ ಅಭ್ಯಾಸ. ಹತ್ತೂ ಹುಡುಗಿಯರು ನಿಂತಲ್ಲೇ ನಿಂತರು. ರೆಫರಿ ಹೆಂಗಸು ನನ್ನ ಹತ್ತಿರ ನಡೆದು ಬಂದು ಬಹಳ ಮೃದುವಾಗಿ, “ಮೇಡಂ, ಇಲ್ಲಿ ಒಬ್ಬರೇ ರೆಫರಿ. ಅದು ನಾನು,” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸದಾ ಮುಖ ಮುಚ್ಚಿಕೊಂಡ.

ಇದರಿಂದ ಒಂದು ಲಾಭವಾಯಿತು. ನಾನು ಆಟದ ಟೀಚರ್ ಎಂದು ಎಲ್ಲರಿಗೂ ತಿಳಿದು, ಮೂರು ವರ್ಷದ ಜಗಳವನ್ನು ತೀರ್ಮಾನಿಸಲು ಕುರ್ಚಿ ಬಿಟ್ಟುಕೊಟ್ಟರು. ನಾನು ಅರ್ಧ ಗಂಟೆ ರಿತಿಕಾಳನ್ನೇ ನೋಡಿದೆ. ಓಟ ನಿಜಕ್ಕೂ ಚಂದ. ಆದರೆ ನಾಲ್ಕು ಸಲ ಚೆಂಡು ಕೈಗೆ ಬಂತು, ಮೂರು ಸಲ ಬಿತ್ತು. ನನ್ನ ಕಣ್ಣಿಗೆ ಕಾರಣ ತಕ್ಷಣ ಕಂಡಿತು. ಗೊತ್ತಿದ್ದದ್ದನ್ನು ಹೇಳದೆ ಇರಲು ನನಗೆ ಎಂದೂ ಆಗಿಲ್ಲ.

ತುಳುವಿನಲ್ಲಿ ಹೇಳಿದೆ: “ಚೆಂಡು ಹತ್ತಿರ ಬರುವಾಗ ಕಣ್ಣು ಮುಚ್ಚುತ್ತಾಳೆ. ಇದು ಹೆದರಿಕೆ. ಇಪ್ಪತ್ತೆರಡು ವರ್ಷಕ್ಕೂ ಹೋಗದ ಹೆದರಿಕೆ ಇನ್ನು ಹೋಗುವುದಿಲ್ಲ. ಓಡ್ಲಿಕ್ಕೆ ಬೇಕಾದರೆ ಓಡಲಿ. ರಿಸೀವರ್ ಆಗ್ಲಿಕ್ಕೆ, ಆಪುಜಿ.”

ಆಪುಜಿ, ಎಂದರೆ ಆಗುವುದಿಲ್ಲ. ಗೆದ್ದ ಲ್ಯಾನ್ಸಿ ನಗಲಿಲ್ಲ. ಅವರೂ ಜಯಣ್ಣನೂ ನನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ನೀರು ಕುಡಿಯಲು ಬಂದಿದ್ದ ರಿತಿಕಾ ಬಾಟಲಿ ಹಿಡಿದು ನಿಂತಿದ್ದಳು. ತುಳುವಿನ ಒಂದೊಂದು ಅಕ್ಷರವೂ ಅವಳಿಗೆ ಅರ್ಥವಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಾನು ಬೆಟ್ಟಗಳನ್ನು ಹೊಗಳಿದೆ, ರಸ್ತೆಗಳನ್ನು ಹೊಗಳಿದೆ.

ಹಮ್ರಿಯಾ, ಶನಿವಾರ

ಮರುದಿನ ಜಯಣ್ಣನ ಫೋನ್ ಬಂತು. “ಟೀಚರನ್ನು ಅಂಗಡಿಗೆ ಕರ್ಕೊಂಡು ಬಾ,” ಎಂದಷ್ಟೇ ಸದಾನಿಗೆ ಹೇಳಿದರು.

ಹಮ್ರಿಯಾದ ಗಲ್ಲಿಗೆ ಇಳಿದರೆ ಪಾಸ್‌ಪೋರ್ಟ್ ಸುಮ್ಮನೆ ತಂದೆನಲ್ಲ ಎನಿಸುತ್ತದೆ. ಬಾಲ್ಕನಿಗಳಲ್ಲಿ ಒಣಗುವ ಲುಂಗಿ, ಅಂಗಡಿಯೆದುರು ಬಸಳೆಯ ಕಟ್ಟು. ನನ್ನ ಮುಖ ನೋಡಿದ್ದೇ ಅಂಗಡಿಯವನೊಬ್ಬ, ಊರು ಯಾವುದು ಎಂದೂ ಕೇಳದೆ, “ಅಕ್ಕ, ಕುಚ್ಚಲಕ್ಕಿ ಬಂದಿದೆ,” ಎಂದ. ಮುಖದ ಮೇಲೇ ಬರೆದಿರುತ್ತದೋ ಏನೋ.

ಜಯಣ್ಣನ ಅಂಗಡಿ ಎರಡು ಹೊಲಿಗೆ ಯಂತ್ರ ಹಿಡಿಯುವಷ್ಟು ಅಗಲ. ಮೇಜಿನ ಮೇಲೆ ಒಂದು ನೀಲಿ ಜೆರ್ಸಿ ಮಡಚಿಟ್ಟಿತ್ತು.

“ಬೆಳಿಗ್ಗೆ ರಿತಿಕಾ ಬಂದಿದ್ದಳು,” ಎಂದರು. “ನಂಬರ್ ಬಿಚ್ಚಿ ಬೇರೆಯವರಿಗೆ ಹೊಲಿಯಿರಿ ಅಂಕಲ್, ನಾನು ಬಿಟ್ಟೆ, ಅಂದಳು. ಮುಂದಿನ ಶುಕ್ರವಾರ ಕೊನೆಯ ಮ್ಯಾಚ್. ಗ್ರೇಸಿಗೂ ಮೆಸೇಜ್ ಹಾಕಿದ್ದಾಳಂತೆ.”

ನಾನು ಜೆರ್ಸಿ ಮುಟ್ಟಲಿಲ್ಲ. “ನಾನು ಸುಳ್ಳು ಹೇಳಲಿಲ್ಲ ಜಯಣ್ಣ.”

“ಸುಳ್ಳು ಅಂತ ನಾನು ಹೇಳಿದೆನಾ? ಅವಳು ಕಣ್ಣು ಮುಚ್ಚುವುದು ನನಗೂ ಗೊತ್ತುಂಟು. ಮೊದಲ ವಾರವೇ ನೋಡಿದ್ದೇನೆ. ಸೂಜಿಗೆ ನೂಲು ಹಾಕುವವನಿಗೆ ಅಷ್ಟು ಕಾಣುವುದಿಲ್ವಾ?” ಅವರ ದನಿ ಏರಲಿಲ್ಲ. “ಆದರೆ ನಾನು ಮೂರು ವರ್ಷದಿಂದ ಕಾಯ್ತಾ ಇದ್ದೇನೆ. ನೀವು ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟಿರಿ.”

ಪರದೇಶದಲ್ಲಿ ಒಬ್ಬ ದರ್ಜಿಯ ಎದುರು ಸ್ಟೂಲಿನ ಮೇಲೆ ಕೂತು, ನಾನು ಮೂವತ್ತು ವರ್ಷಗಳಲ್ಲಿ ಎಷ್ಟು ಹುಡುಗಿಯರಿಗೆ ‘ಆಪುಜಿ’ ಎಂದಿರಬಹುದು ಎಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ತಂಡಕ್ಕೆ ಆಯ್ಕೆಯಾದವರ ಹೆಸರೆಲ್ಲ ನೆನಪಿದೆ. ಸಾಲಿನಿಂದ ಆಚೆ ಕಳಿಸಿದವರಲ್ಲಿ ಒಬ್ಬಳ ಹೆಸರೂ ಬರಲಿಲ್ಲ. ಆ ಲೆಕ್ಕವೇ ನನ್ನಲ್ಲಿರಲಿಲ್ಲ.

ಜಯಣ್ಣ ಚಾ ತರಿಸಿದರು. ಹೊರಡುವಾಗ ಜೆರ್ಸಿಯನ್ನು ನನ್ನ ಕೈಗಿಟ್ಟರು. “ಬಿಚ್ಚಲಿಲ್ಲ. ನೀವೇ ಕೊಡಿ.”

ಅಲ್ ಮವಾಲೇಹ್, ಅದೇ ಸಂಜೆ

ರಿತಿಕಾ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನು ಹತ್ತಿರ ಹೋಗಿ, “ತಪ್ಪಾಯ್ತು ಮಗಾ. ಹಾಗೆ ಹೇಳಬಾರದಿತ್ತು,” ಎಂದೆ.

“ಇಟ್ಸ್ ಓಕೆ. ನೀವು ಹೇಳಿದ್ದು ಟ್ರೂ ಅಲ್ವಾ.”

“ಯಾಕೆ ಮುಚ್ಚುತ್ತಿ ಕಣ್ಣು?”

ಅವಳು ಕ್ಲಿಪ್ಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಆಮೇಲೆ ನನ್ನನ್ನು ನೋಡಿದಳು. “ಮಾಮಿಗೆ ನಿಜವಾಗಿ ನೆನಪಿಲ್ವಾ?”

ನನಗೆ ನೆನಪಿರಲಿಲ್ಲ. ಅವಳೇ ಹೇಳಿದಳು. ಒಂಬತ್ತು ವರ್ಷದವಳಿದ್ದಾಗ ರಜೆಯಲ್ಲಿ ಕಾರ್ಕಳಕ್ಕೆ ಬಂದಿದ್ದಳು. ನಾನು ಅವಳನ್ನು ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋಗಿ ದೊಡ್ಡ ಹುಡುಗಿಯರ ಜೊತೆ ನಿಲ್ಲಿಸಿದ್ದೆ. ‘ಹಿಡಿ’ ಎಂದು ಥ್ರೋಬಾಲ್ ಎಸೆದವಳು ನಾನೇ. ಅದು ನೇರ ಮೂಗಿಗೆ ಬಡಿಯಿತು. ಫ್ರಾಕಿನ ತುಂಬ ರಕ್ತ. ನಾನು ಮೂಗು ಒರೆಸಿ, ‘ಅಳಬಾರದು, ಇನ್ನೊಂದು ಎಸೆಯುತ್ತೇನೆ, ಹಿಡಿ’ ಎಂದೆನಂತೆ. ಎಸೆದೆನಂತೆ ಕೂಡ.

“ಸೆಕೆಂಡ್ ಟೈಮ್ ನಾನು ಕಣ್ಣು ಮುಚ್ಚಿದೆ,” ಎಂದಳು. “ಆಮೇಲೆ ಅದು ಹಾಗೇ.”

ನಾನು ಒಗೆಯುವ ಕಲ್ಲಿನ ಹಾಗೆ ನಿಂತುಬಿಟ್ಟೆ. ಅವಳು ನನ್ನನ್ನು ಬೈದಿದ್ದರೆ ವಾಸಿಯಿತ್ತು. ಬಟ್ಟೆಯ ರಾಶಿಯಲ್ಲಿ ಅರ್ಧ ನನ್ನ ಕೈಗೆ ಕೊಟ್ಟು, “ಮಾಮಿ, ಅಳಬೇಡಿ ಪ್ಲೀಸ್. ಅಪ್ಪ ನೋಡಿದರೆ ನನಗೆ ಬೈತಾರೆ,” ಎಂದಳು. ಅದೂ ತುಳುವಿನಲ್ಲಿ, ನನಗಿಂತ ಚೆನ್ನಾಗಿ.

ಜೆರ್ಸಿ ಕೊಟ್ಟೆ. ಬೇಡವೆನ್ನಲಿಲ್ಲ, ಹಾಕುತ್ತೇನೆ ಎಂದೂ ಹೇಳಲಿಲ್ಲ.

ತರಕಾರಿ ಮಾರುಕಟ್ಟೆ, ಮಂಗಳವಾರ

ಕ್ಲಿನಿಕ್ಕಿಗೆ ಹೋಗುವ ಮೊದಲು ರಿತಿಕಾ ನನ್ನನ್ನು ಮವಾಲೇಹಿನ ಮಾರ್ಕೆಟ್ಟಿಗೆ ಕರೆದೊಯ್ದಳು. ನನಗೆ ಬೂದುಗುಂಬಳ ಬೇಕಾಗಿತ್ತು. ಅದು ಇವತ್ತಿಗೂ ಸಿಕ್ಕಿಲ್ಲ, ಏಕೆಂದರೆ ಕಲ್ಲಂಗಡಿಯ ಲಾರಿಯೊಂದು ನಮ್ಮನ್ನು ನಿಲ್ಲಿಸಿತು.

ಲಾರಿಯ ಮೇಲೊಬ್ಬ, ಕೆಳಗೊಬ್ಬ. ಮೇಲಿನವನು ಹಣ್ಣು ಎಸೆಯುತ್ತಾನೆ, ಕೆಳಗಿನವನು ಹಿಡಿದು ರಾಶಿಗೆ ಇಡುತ್ತಾನೆ. ಒಂದೊಂದು ಹಣ್ಣೂ ಆರು ತಿಂಗಳ ಮಗುವಿನಷ್ಟು ತೂಕ. ಸದ್ದಿಲ್ಲ, ಅವಸರವಿಲ್ಲ. ಕೆಳಗಿನವನು ಶೊಫಿಕ್ ಎಂಬ ನಡುವಯಸ್ಸಿನ ಬಾಂಗ್ಲಾದೇಶಿ, ಮೆಹಂದಿ ಬಳಿದ ಗಡ್ಡ. ನಾನು ಬಾಯಿ ತೆರೆದು ನೋಡುತ್ತಿದ್ದೆ. ಹಣ್ಣು ಕೈ ಮುಟ್ಟುವ ಗಳಿಗೆಯಲ್ಲೇ ಅವನ ಕೈ ಹಣ್ಣಿನ ಜೊತೆ ಹಿಂದಕ್ಕೆ ಬರುತ್ತಿತ್ತು. ಬಡಿತವೇ ಇಲ್ಲ. ಮೂವತ್ತು ವರ್ಷ ನಾನು ‘ಗಟ್ಟಿಯಾಗಿ ಹಿಡಿ’ ಎಂದು ಕೂಗಿದ್ದೆ. ಇವನು ಗಟ್ಟಿಯಾಗಿ ಹಿಡಿಯುತ್ತಲೇ ಇರಲಿಲ್ಲ.

ನನ್ನ ಹರಕು ಹಿಂದಿಯಲ್ಲಿ, ಹೇಗೆ ಹಿಡಿಯುತ್ತೀರಿ ಎಂದು ಕೇಳಿದೆ. ಅವನಿಗೆ ಆಶ್ಚರ್ಯ. ಇದನ್ನು ಯಾರೂ ಕೇಳಿರಲಿಲ್ಲವೇನೋ.

“ಪಕಡ್ನಾ ನಹೀಂ, ಲೇನಾ,” ಎಂದ. ಹಿಡಿಯುವುದಲ್ಲ, ತೆಗೆದುಕೊಳ್ಳುವುದು. “ಯಾರೋ ತಮ್ಮ ಬಚ್ಚಾ ನಿಮ್ಮ ಕೈಗೆ ಕೊಟ್ಟರೆ ಹೇಗೆ ತಗೊಳ್ತೀರಿ? ಹಾಗೆ. ಬಚ್ಚಾ ಬರುವಾಗ ಯಾರಾದರೂ ಕಣ್ಣು ಮುಚ್ತಾರಾ?”

ಕೊನೆಯ ಮಾತನ್ನು ಅವನು ಗೊತ್ತಿಲ್ಲದೆ ಹೇಳಿದ್ದು. ರಿತಿಕಾ ನಗತೊಡಗಿದಳು. ಕೈಚೀಲ ನನಗೆ ಕೊಟ್ಟು, “ಮೇ ಐ?” ಎಂದು ಕೇಳಿ ಅವನ ಜಾಗದಲ್ಲಿ ನಿಂತಳು. ಲಾರಿಯ ಮೇಲಿದ್ದವನು ಗಾಬರಿಯಾಗಿ ಎಲ್ಲಕ್ಕಿಂತ ಸಣ್ಣ ಹಣ್ಣು ಹುಡುಕಿ ಮೆಲ್ಲಗೆ ಬಿಟ್ಟ. ಮೊದಲನೆಯದು ಅವಳ ತೋಳಿನಿಂದ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ನನ್ನ ಹೊಸ ಚೂಡಿದಾರದ ಮೇಲೆಲ್ಲ ಕೆಂಪು ರಸ. ನಾನು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯ ಒಮಾನಿ ಯಜಮಾನ ಕೂತಲ್ಲಿಂದಲೇ ಕೈಯೆತ್ತಿ, “ಮಾಫಿ ಮುಷ್ಕಿಲ್, ಯಲ್ಲಾ, ಇನ್ನೊಂದು!” ಎಂದ. ತೊಂದರೆಯೇನಿಲ್ಲ, ನಡೆಯಲಿ, ಎಂದರ್ಥ. ಎರಡನೆಯದು ನಿಂತಿತು. ಮೂರನೆಯದು, ನಾಲ್ಕನೆಯದು. ಐದನೆಯದಕ್ಕೆ ಅವಳ ಕಣ್ಣು ಹಣ್ಣಿನ ಮೇಲೇ ಇತ್ತು, ಅದು ಗಾಳಿಯಲ್ಲಿ ಬರುವಾಗಲೂ, ಕೈಗೆ ಸೇರಿದ ಮೇಲೂ.

ನನ್ನ ನಾಲಿಗೆಯ ತುದಿಯವರೆಗೆ ಹತ್ತು ಸೂಚನೆ ಬಂದಿತ್ತು. ಎಲ್ಲವನ್ನೂ ನುಂಗಿದೆ. ಒಡೆದ ಹಣ್ಣನ್ನು ಶೊಫಿಕ್ ಹೋಳು ಮಾಡಿದ. ಲಾರಿಯ ನೆರಳಿನಲ್ಲಿ ನಿಂತು ಎಲ್ಲರೂ ತಿಂದೆವು. ರಿತಿಕಾ ಕ್ಲಿನಿಕ್ಕಿಗೆ ತಡವಾಗಿ ಹೋದಳು, ಮೊಣಕೈಗೆ ಕಲ್ಲಂಗಡಿಯ ಬೀಜ ಅಂಟಿಸಿಕೊಂಡು.

ಬೌಷರ್, ಕೊನೆಯ ಶುಕ್ರವಾರ

ಅವಳು ಜೆರ್ಸಿ ಹಾಕಿಕೊಂಡು ಬಂದಳು. ಜಯಣ್ಣ ಒಮ್ಮೆ ನೋಡಿ, ತೋಳಿನ ಹೊಲಿಗೆ ಸ್ವಲ್ಪ ಬಿಗಿಯಾಗಿದೆ ಎಂದಷ್ಟೇ ಅಂದರು. ನಾನು ಮರಿಯಮಳ ತಾಯಿಯ ಪಕ್ಕ ಚಾಪೆಯ ಮೇಲೆ ಕೂತೆ. ಸೀಟಿ ಹೊರಡದಂತೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಮತ್ತೆ ಅದೇ ಹಸಿರು ತಂಡ. ರಿತಿಕಾಳಿಗೆ ಬಂದ ಮೊದಲ ಎಸೆತ ಬಿತ್ತು. ಕಣ್ಣು ಮುಚ್ಚಿದ್ದಳು. ಎರಡನೆಯದು ಅವಳ ತಲೆಯ ಮೇಲಿಂದ ಹೋಯಿತು. ಆಮೇಲೆ ಬಹಳ ಹೊತ್ತು ಗ್ರೇಸ್ ಮರಿಯಮಳಿಗೇ ಎಸೆದಳು. ಮರಿಯಮ್ ಮರದಿಂದ ಹಣ್ಣು ಕೊಯ್ಯುವ ಹಾಗೆ ಚೆಂಡನ್ನು ತೆಗೆದುಕೊಳ್ಳುತ್ತಿದ್ದಳು. ಅಂಕ ಸಮವಾಯಿತು. ಅಷ್ಟರಲ್ಲಿ ಹಸಿರಿನವರು ಮತ್ತೆ ಮುಂದೆ ಹೋದರು. ಉಳಿದದ್ದು ಒಂದೇ ಎಸೆತ.

ಇಬ್ಬರು ಎದುರಾಳಿಗಳು ಮರಿಯಮಳಿಗೆ ಅಂಟಿಕೊಂಡರು. ರಿತಿಕಾ ಒಬ್ಬಳೇ ಮೂಲೆಯ ಕಡೆ ಓಡಿದಳು. ಗ್ರೇಸ್ ಒಂದು ಕ್ಷಣ ತಡೆದು ಅತ್ತಲೇ ಎಸೆದಳು. ಚೆಂಡು ತಿರುಗುತ್ತ, ಎತ್ತರದಲ್ಲಿ, ಬಹಳ ನಿಧಾನಕ್ಕೆ ಹೋದ ಹಾಗೆ ನನಗೆ ಕಂಡಿತು. ರಿತಿಕಾ ತಲೆಯೆತ್ತಿದಳು. ಕೈ ಚಾಚಿದಳು. ಚೆಂಡು ಮುಟ್ಟಿದ್ದೇ ತಡ, ಎರಡೂ ಕೈ ಅದರ ಜೊತೆ ಎದೆಯತ್ತ ಬಂದವು. ಸದ್ದೇ ಆಗಲಿಲ್ಲ.

ನಾವೆಲ್ಲ ಎದ್ದು ಕೂಗಿದೆವು. ಮರಿಯಮಳ ತಾಯಿ ನನ್ನನ್ನು ಅಪ್ಪಿಕೊಂಡರು. ಆಗ ರೆಫರಿ ಎರಡೂ ಕೈ ಅಡ್ಡ ಬೀಸಿದರು. ರಿತಿಕಾಳ ಎಡಗಾಲು ಗೆರೆಯ ಆಚೆ ಬಿದ್ದಿತ್ತು. ಅಂಕವಿಲ್ಲ. ಆಟ ಮುಗಿಯಿತು. ಸೋತೆವು.

ಲ್ಯಾನ್ಸಿ ಕುರ್ಚಿ ಬೀಳಿಸಿಕೊಂಡು ಗೆರೆಯವರೆಗೆ ಓಡಿದರು. “ಕಾಲು ಒಳಗೇ ಇತ್ತು! ಹುಡುಗಿ ಇಂಥ ಕ್ಯಾಚ್ ಹಿಡಿದಿದ್ದಾಳೆ, ನಿಮಗೆ ಕಾಲು ನೋಡ್ಲಿಕ್ಕೆ ಪುರುಸೊತ್ತಾ? ಎಂಥ ಟ್ಯಾಲೆಂಟ್ ಅದು!”

“ಕಾಲು ಹೊರಗೇ ಇತ್ತು ಮಾರಾಯ್ರೆ,” ಎಂದರು ಜಯಣ್ಣ, ಕುರ್ಚಿಯಿಂದ ಏಳದೆ. ಅವರ ಮುಖದಲ್ಲಿ ಗೆದ್ದವರ ಕಳೆ. “ಸ್ವಲ್ಪ ದೊಡ್ಡ ಹೆಜ್ಜೆ ಆಯ್ತು. ಮುಂದಿನ ವರ್ಷಕ್ಕೆ ಸರಿಯಾಗ್ತದೆ.”

ರಿತಿಕಾ ಚೆಂಡು ಕಂಕುಳಲ್ಲಿಟ್ಟುಕೊಂಡು ನೇರ ನನ್ನ ಬಳಿ ಬಂದಳು. ಸೋತ ಮುಖವೇ ಅಲ್ಲ. “ಮಾಮಿ, ಐ ಸಾ ಇಟ್. ಚೆಂಡಿನ ಮೇಲೆ ಬಿಳಿ ಹೊಲಿಗೆ ಉಂಟು, ಗೊತ್ತಾ? ಎಂಟು ಹೊಲಿಗೆ. ಅದು ತಿರುಗುವಾಗ ಕಾಣ್ತದೆ. ಮೂರು ವರ್ಷದಲ್ಲಿ ಇವತ್ತು ಮೊದಲ ಸಲ ನೋಡಿದೆ.”

ಅವಳು ಹತ್ತು ಹೆಜ್ಜೆ ಹಿಂದೆ ಸರಿದು, “ನೀವೂ ನೋಡಿ,” ಎಂದು ಚೆಂಡನ್ನು ನನ್ನತ್ತ ಎಸೆದಳು.

ಮೂವತ್ತು ವರ್ಷ ನಾನು ಎಸೆದಿದ್ದೇನೆ, ಊದಿದ್ದೇನೆ, ಕೂಗಿದ್ದೇನೆ. ನನ್ನ ಕಡೆಗೆ ಯಾರಾದರೂ ಏನನ್ನಾದರೂ ಎಸೆದ ನೆನಪಿಲ್ಲ. ಆ ಉದ್ದ ಚೆಂಡು ತಿರುಗುತ್ತ ಮುಖದತ್ತ ಬಂತು. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಅದು ಭುಜಕ್ಕೆ ಬಡಿದು ಖರ್ಜೂರದ ತಟ್ಟೆಯ ಮೇಲೆ ಬಿತ್ತು.

ಮೊದಲು ನಕ್ಕದ್ದು ಮರಿಯಮಳ ತಾಯಿ. ಆಮೇಲೆ ಎಲ್ಲರೂ.

“ಟೀಚರಿಗೆ ಕೈ ಇಲ್ಲ,” ಎಂದರು ಲ್ಯಾನ್ಸಿ, ವಾಪಸು ಬಂದು ಕುರ್ಚಿ ಎತ್ತಿ ನಿಲ್ಲಿಸುತ್ತ. “ಟ್ಯಾಲೆಂಟ್ ಅಂತೂ ಸ್ವಲ್ಪವೂ ಕಾಣುವುದಿಲ್ಲ.”

“ಎಂತ ಅವಸರ ನಿಮಗೆ?” ಎಂದರು ಜಯಣ್ಣ. “ಇವತ್ತು ಮೊದಲ ಸಲ ನಿಂತದ್ದಲ್ವಾ. ವಯಸ್ಸು ಅರವತ್ತು, ಇನ್ನೂ ಕಾಲ ಉಂಟು.”

ಚೆಂಡಿಗೆ ಅಂಟಿದ್ದ ಖರ್ಜೂರ ಒರೆಸಿದೆ. ಹೊಲಿಗೆ ಎಂಟೇ ಇತ್ತು. ರಿತಿಕಾಳಿಗೆ ಅದನ್ನು ವಾಪಸು ಕೊಟ್ಟು, ಸೆರಗಿಲ್ಲದಿದ್ದರಿಂದ ದುಪಟ್ಟಾವನ್ನೇ ಸೊಂಟಕ್ಕೆ ಬಿಗಿದು, ಹತ್ತು ಹೆಜ್ಜೆ ದೂರ ಹೋಗಿ ನಿಂತೆ.

“ಇನ್ನೊಮ್ಮೆ ಎಸೆ ಮಗಾ,” ಎಂದೆ. “ಮೆಲ್ಲಗೆ.”